ಭಾವನ ಉಸಿರು, ಅಕ್ಕನ ಪಾದ

ನಮ್ಮ ಭಾವ ಪಾರ್ಕಿನ ಬ್ಯಾಂಡಿನಲ್ಲಿ ಎಡಗಡೆಯಿಂದ ಎರಡನೆಯ ಕುರ್ಚಿಯಲ್ಲಿ ಕೂತು ಇಪ್ಪತ್ತೊಂಬತ್ತು ವರ್ಷ ಕ್ಲಾರಿನೆಟ್ ಊದಿದವರು. ಆ ಕುರ್ಚಿಯ ಒಂದು ಕಾಲು ಗಿಡ್ಡ. ಅದರ ಕೆಳಗೆ ಮಡಚಿಡುವ ರಟ್ಟನ್ನು ವರ್ಷಕ್ಕೊಮ್ಮೆ ಬದಲಾಯಿಸುತ್ತಿದ್ದವರೂ ಅವರೇ. ಬೇರೆ ಯಾರಾದರೂ ಅದರಲ್ಲಿ ಕೂತರೆ, ತಮ್ಮ ಹಲ್ಲುಜ್ಜುವ ಬ್ರಷ್ಷನ್ನು ಮುಟ್ಟಿದ ಹಾಗೆ ಮುಖ ಮಾಡುತ್ತಿದ್ದರು.

ಹೋದ ವರ್ಷ ಡಾಕ್ಟರು ಅವರ ಎದೆ ಪರೀಕ್ಷಿಸಿ, "ಇನ್ಮೇಲೆ ಏನನ್ನೂ ಊದ್ಬೇಡಿ" ಅಂದರು.

"ಬಿಸಿ ಟೀ?"

"ಆರಿದ ಮೇಲೆ ಕುಡೀರಿ."

ಬ್ಯಾಂಡ್ ಮಾಸ್ಟರು ಶನಿವಾರದವರೆಗೆ ಗಡುವು ಕೊಟ್ಟರು. ಅಷ್ಟರಲ್ಲಿ ದಾರಿಯಾಗದಿದ್ದರೆ ಆ ಕುರ್ಚಿ ಬೇರೆಯವರಿಗೆ.

ಕರೆಯದಿದ್ದರೂ ಮೂಗು ತೂರಿಸುವುದು ನನ್ನ ಹುಟ್ಟುಗುಣ. ವಾದ್ಯಗಳ ದನಿ ಹೊರಡಿಸುವ ಹಳೆಯದೊಂದು ಸಿಂಥಸೈಜರ್ ಪೆಟ್ಟಿಗೆ ತಂದುಕೊಟ್ಟೆ. ಮುದ್ರಿಸಿಟ್ಟ ಸ್ವರವನ್ನು ಒಪ್ಪಿಸುವ ಗಿಳಿಯಲ್ಲ ಅದು. ಬರೀ ಲೆಕ್ಕಾಚಾರದಿಂದಲೇ ತನ್ನೊಳಗೆ ಒಂದು ಕೊಳವೆ, ಕೊಳವೆಯ ಬಾಯಿಗೆ ರೀಡ್ ಎಂಬ ತೆಳು ಪಟ್ಟಿ, ಅದನ್ನು ನಡುಗಿಸುವ ಗಾಳಿ, ಎಲ್ಲವನ್ನೂ ಕಟ್ಟಿಕೊಳ್ಳುತ್ತದೆ. ಬೆರಳಿಗೆ ಕೀಬೋರ್ಡು, ಉಸಿರಿನ ಬದಲಿಗೆ ಕಾಲಡಿಯಲ್ಲಿ ಪೆಡಲು.

ಏನೂ ಗೊತ್ತಿಲ್ಲದ ನಾನು ಎಲ್ಲ ಗೊತ್ತಿದ್ದವನಂತೆ ಕೊಳವೆಯ ಉದ್ದವನ್ನು ಒಂಬತ್ತು ಮೀಟರಿಗೂ ರೀಡನ್ನು ಹಲಗೆಯಷ್ಟು ದಪ್ಪಕ್ಕೂ ತಿರುಗಿಸಿದೆ. ಮೊದಲ ಸ್ವರಕ್ಕೇ ನಡುಮನೆಯೊಳಗೆ ಹಡಗು ನುಗ್ಗಿದಂತಾಯಿತು. ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು.

"ನಿಂಗೆ ಕೈ ಸುಮ್ನಿರಲ್ಲ, ಅಲ್ವೇನೋ?" ಎಂದು ಭಾವ ತಾವೇ ಸರಿಮಾಡಿದರು. ಪೆಡಲನ್ನು ಮೆಲ್ಲಗೆ ಒತ್ತಿದರೆ ಬರೀ ಬುಸ್. ಜೋರಾಗಿ ಒತ್ತಿದರೆ ಕೀಚ್. ಭಾವನ ಕಣ್ಣು ತುಂಬಿ ಬಂತು.

"ಥೇಟ್ ನನ್ನದರ ಹಾಗೇ ಕೀಚ್ ಅನ್ನುತ್ತೆ ಕಣೋ."

ಅಂದಿನಿಂದ ನುಡಿಸಿ ಮುಗಿಸಿದ ಮೇಲೆ, ಕ್ಲಾರಿನೆಟ್ಟಿಗೆ ಮಾಡುತ್ತಿದ್ದಂತೆಯೇ ಪೆಟ್ಟಿಗೆಯ ಹಿಂದಿನ ತೂತಿಗೆ ಬಟ್ಟೆ ತೂರಿಸಿ ಇಲ್ಲದ ಎಂಜಲನ್ನು ಒರೆಸತೊಡಗಿದರು.

ತೊಂದರೆ ಶುರುವಾದದ್ದು ಬುಧವಾರ, ಒಂದು ಉದ್ದನೆಯ ಸ್ವರದಲ್ಲಿ. ಪೆಟ್ಟಿಗೆಗೆ ದಣಿವಿಲ್ಲ. ಭಾವನ ಕಾಲು ಒತ್ತಿಕೊಂಡೇ ಇತ್ತು. ಮುಖ ಕೆಂಪಾಯಿತು, ಆಮೇಲೆ ನೇರಳೆಯಾಯಿತು. ಒಳಗೆ ಪರದೆ ಹೊಲಿಯುತ್ತಿದ್ದ ಅಕ್ಕ ಓಡಿಬಂದು ಅವರ ಬೆನ್ನಿಗೊಂದು ಗುದ್ದಿದಳು.

"ರೀ, ಉಸಿರಾಡ್ರೀ."

"ಊದ್ತಿರುವಾಗ ಉಸಿರು ಎಳ್ಕೊಳ್ಳೋದು ಹೇಗೆ?"

"ನೀವೆಲ್ಲಿ ಊದ್ತಿದ್ರಿ? ಕಾಲಲ್ಲಿ ಒತ್ತಿದ್ರಿ ಅಷ್ಟೇ."

"ಅದು ಕಾಲಿಗೆ ಗೊತ್ತು ಮಾರಾಯ್ತಿ. ಎದೆಗೆ ಗೊತ್ತಾಗ್ಬೇಕಲ್ಲ."

ನಾನು 'ಉಸಿರಾಡಿ' ಎಂದು ಬರೆದು ಸ್ಟ್ಯಾಂಡಿಗೆ ಅಂಟಿಸಿದೆ. ಅವರು ಅದನ್ನು ಓದಿ ವಿಧೇಯರಾಗಿ ಕಾಲೆತ್ತಿದರು. ಸ್ವರ ನಿಂತುಹೋಯಿತು. ನನ್ನ ಉಪಕಾರಗಳೆಲ್ಲ ಹೀಗೆಯೇ.

ಶುಕ್ರವಾರ ಅಕ್ಕ ಸ್ಟೂಲು ಎಳೆದುಕೊಂಡು ಬಂದು, "ಕಾಲು ತೆಗೀರಿ" ಅಂದಳು. ಇಪ್ಪತ್ತು ವರ್ಷ ಹೊಲಿಗೆ ಯಂತ್ರ ತುಳಿದ ಪಾದ ಅವಳದು. ನೂಲು ಕಡಿಯದಷ್ಟು, ಬಟ್ಟೆ ಸುಕ್ಕಾಗದಷ್ಟು ಒತ್ತುವುದು ಅದಕ್ಕೆ ಗೊತ್ತು. ಗಂಡ ಎಲ್ಲಿ ಉಸಿರೆಳೆಯುತ್ತಾರೆ ಎಂಬುದೂ ಗೋಡೆಯಾಚೆಯಿಂದ ಕೇಳಿ ಕೇಳಿ ಬಾಯಿಪಾಠವಾಗಿತ್ತು. ಕಾಲಿಗೆ ಕೆಲಸ ತಪ್ಪಿದ್ದೇ ತಡ, ಭಾವನ ಎದೆ ತನ್ನಷ್ಟಕ್ಕೆ ಏರಿಳಿಯತೊಡಗಿತು.

ಶನಿವಾರ ಬ್ಯಾಂಡಿನವರ ಅಭ್ಯಾಸದ ಹಾಲ್‌ನಲ್ಲಿ ಮಾಸ್ಟರು ಅಕ್ಕನ ಸ್ಟೂಲಿನ ಕಡೆ ನೋಡಿ, "ಇವರ್ಯಾರು?" ಅಂದರು.

"ನನ್ನ ಶ್ವಾಸಕೋಶ" ಅಂದರು ಭಾವ.

ಮಾಸ್ಟರು ಬೇಕೆಂದೇ ಅತಿ ಉದ್ದದ ಸ್ವರವನ್ನು ಕೇಳಿದರು. ಅಕ್ಕ ಒತ್ತಿದಳು. ಸ್ವರ ಹೊರಟಿತು, ನೆಲೆನಿಂತಿತು, ತುಂಬಿಕೊಂಡಿತು. ಅರ್ಧದಲ್ಲಿ ಭಾವನಿಗೆ ಜ್ಞಾನೋದಯವಾಯಿತು: ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಸಲ, ನುಡಿಸುವಾಗ ಬಾಯಿ ಖಾಲಿ ಇದೆ.

"ಡ್ರಮ್ಮಿನವ್ರೇ, ನೀವು ಯಾವಾಗ್ಲೂ ಅರ್ಧ ತಾಳ ಹಿಂದೆ. ಮಾಸ್ಟ್ರೇ, ನಿಮ್ಮ ಕೋಲು ಕೂಡ..."

ಅಕ್ಕ ಪೆಡಲನ್ನು ಗಟ್ಟಿಯಾಗಿ ತುಳಿದಳು. ಕೀಚ್. ಇಡೀ ಹಾಲ್ ಕಿವಿ ಮುಚ್ಚಿಕೊಂಡಿತು. ಭಾವ ಬಾಯಿ ಮುಚ್ಚಿಕೊಂಡರು.

ಮಾಸ್ಟರು ಕಿವಿಯಿಂದ ಕೈ ತೆಗೆದರು. "ಕೀಚೂ ಅದೇ, ಮನುಷ್ಯರೂ ಅವರೇ. ಕೂತ್ಕೊಳ್ಳಿ. ಆದ್ರೆ ಶ್ವಾಸಕೋಶ ಪ್ರತಿ ವಾರ ಬರ್ಬೇಕು."

ಭಾವ ಬಗ್ಗಿ ಕುರ್ಚಿಯ ಗಿಡ್ಡ ಕಾಲಿನ ಕೆಳಗೆ ಹೊಸ ರಟ್ಟು ಇಟ್ಟರು.

ಈಗಲೂ ಭಾನುವಾರ ಪಾರ್ಕಿನಲ್ಲಿ ಕ್ಲಾರಿನೆಟ್ ಆಗಾಗ ಕೀಚ್ ಅನ್ನುವುದುಂಟು. ಪಾಪ, ವಯಸ್ಸಾಯಿತು ಎಂದು ಕೇಳುಗರು ಮರುಗುತ್ತಾರೆ. ಭಾವ ಮತ್ತೆ ಬಾಯಿ ತೆರೆದರು ಎಂದು ನನಗೆ ಗೊತ್ತಾಗುತ್ತದೆ.