ಲಾರಿ ಇಲ್ಲದ ದಾರಿ

ಮೊನ್ನೆ ದೇವನಹಳ್ಳಿ ಕಡೆ ಹೋಗುವಾಗ ನನ್ನ ಬೈಕಿನ ಚಕ್ರ ಪಂಕ್ಚರ್ ಆಯಿತು. ಪಂಕ್ಚರ್ ಅಂಗಡಿಯ ಮುಂದೆ ಬಿಸಿಲಿಗೆ ಬಿದ್ದಿದ್ದ ಹಳೆಯ ಸೈಕಲ್ ಟ್ಯೂಬುಗಳ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿ ಮುಷ್ಟಿಯಾಯಿತು. ಎದುರುಮನೆಯಣ್ಣ ತನ್ನ ಕಂಪ್ಯೂಟರನ್ನು ಬುಲೆಟ್ ಬೈಕಿನ ಟ್ಯಾಂಕಿನ ಮೇಲೆ ಬಿಗಿಯುತ್ತಿದ್ದದ್ದು ಇಂಥ ಟ್ಯೂಬಿನಿಂದಲೇ. ಇಷ್ಟು ವರ್ಷವಾದರೂ ನನ್ನ ಸಿಟ್ಟು ಆರಿಲ್ಲ ನೋಡಿ...

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ದಿನವಿಡೀ ಮಗ್ಗಗಳ ಸದ್ದು. ಅದನ್ನೂ ಮೀರಿಸುವ ಗಂಟಲು ಅವನದು. ಬೆಂಗಳೂರಿನ ಯಾವುದೋ ಕಂಪನಿಯಲ್ಲಿ ಕೆಲಸ. ಸಮೇತನಹಳ್ಳಿಯ ಅಕ್ಕನ ಮನೆಗೆ ಬೈಕಿನಲ್ಲಿ ಹೊರಟಿದ್ದ ಅವನ ತಮ್ಮನನ್ನು ಹೆದ್ದಾರಿಯಲ್ಲಿ ಲಾರಿಯೊಂದು ಅರೆದುಹಾಕಿತ್ತು. ಡಾಂಬರಿನಿಂದ ಕೆರೆದು ತೆಗೆದವರಲ್ಲಿ ಇವನೂ ಒಬ್ಬ. ಅಂದಿನಿಂದ ಲಾರಿ ಕಂಡರೆ ಸಾಕು, ಕಲ್ಲು ಬೀಸುತ್ತಿದ್ದ. ಡ್ರೈವರುಗಳು ಇಳಿದು ಬಂದು ಬಾರಿಸಿದ್ದೂ ಉಂಟು. ಇವನೇನು ಸುಮ್ಮನೆ ತಿಂದು ಬರುವ ಆಸಾಮಿಯಲ್ಲ.

ಅವನ ತಾಯಿ ಮಾತ್ರ ಹೆದ್ದಾರಿಗೆ ಕಾಲಿಡುವುದನ್ನೇ ಬಿಟ್ಟರು. ಮಗಳ ಮನೆಯ ಹೊಸಿಲು ಮತ್ತೆ ತುಳಿಯಲಿಲ್ಲ.

"ಲಾರಿನೇ ಇಲ್ದಿರೋ ದಾರಿ ಹುಡುಕ್ತೀನಿ ಕಣೋ. ಅಮ್ಮನ್ನ ಹಿಂದೆ ಕೂರಿಸ್ಕೊಂಡು ಅಕ್ಕನ ಮನೆಗೆ ಹೋಗ್ತೀನಿ," ಎಂದ ಒಂದು ದಿನ.

ಕಂಪನಿಯವರು ಹಳತಾಯಿತೆಂದು ಮೂಲೆಗೆ ತಳ್ಳಿದ್ದ ಲ್ಯಾಪ್‌ಟಾಪನ್ನು ಕೇಳಿ ತಂದ. ರುಬ್ಬುವ ಕಲ್ಲಿನ ಭಾರ, ಪರದೆಗೆ ಬಣ್ಣವಿಲ್ಲ, ಬ್ಯಾಟರಿಯಂತೂ ಒಂದು ಬೀಡಿ ಸೇದುವಷ್ಟು ಹೊತ್ತು. ಭಾನುವಾರ ಬಂತೆಂದರೆ ನಾನು ಹಿಂದಿನ ಸೀಟಿನಲ್ಲಿ. ಹಳ್ಳಿ ದಾರಿಯ ತಿರುವುಗಳಿಗೆ ಹೆಸರಿರುವುದಿಲ್ಲ. ಇಂಥವರ ಹೊಲದ ಹತ್ತಿರ ಎಡಕ್ಕೆ ಹೋಗಿ ಅನ್ನುವುದೇ ವಿಳಾಸ. ಹಾಗಾಗಿ ಪ್ರತಿ ತಿರುವಿನಲ್ಲೂ ಬೈಕ್ ನಿಲ್ಲಿಸಿ, ಇದು ಯಾರ ಹೊಲ ಎಂದು ಕೇಳಿ, ಆ ಹೆಸರನ್ನೂ ಮೀಟರು ತೋರಿಸಿದ ದೂರವನ್ನೂ ಕಂಪ್ಯೂಟರಿಗೆ ಹಾಕಿ, ಅಲ್ಲಿಗೆ ಒಂದು ಗೆರೆ ಎಳೆಯುತ್ತಿದ್ದ.

ವಿಮಾನ ನಿಲ್ದಾಣಕ್ಕೆ ಭೂಮಿ ಹೋಗುತ್ತದಂತೆ ಎಂದು ದೇವನಹಳ್ಳಿ ಸುತ್ತಿನ ಜನ ಕಾದ ಕಾವಲಿಯಂತಿದ್ದ ಕಾಲ ಅದು. ಅಂಥ ಒಂದು ಊರಿನ ಹಾಲಿನ ಡೈರಿ ಕಟ್ಟೆಯ ಮೇಲೆ ಯಂತ್ರ ಬಿಚ್ಚಿಟ್ಟು ಇವನು ಕೇಳಿದ: "ಯಜಮಾನ್ರೇ, ಆ ದ್ರಾಕ್ಷಿ ತೋಟದ ಪಕ್ಕದ್ದು ಯಾರ ಹೊಲ?"

"ನಮ್ದೇ. ನಿಂಗ್ಯಾಕಯ್ಯಾ?"

"ಗುರುತು ಹಾಕ್ಕೋಬೇಕಿತ್ತು."

ಯಜಮಾನ ಪರದೆಗೆ ಬಗ್ಗಿ ನೋಡಿದ. ನೋಡಿದವನ ಕಣ್ಣು ಕೆಂಪಾಯಿತು.

"ಲೇ, ಬನ್ರೋ! ನಮ್ಮೊಲದ್ ಮ್ಯಾಲೆ ಗೆರೆ ಎಳ್ದವ್ನೆ ಕಣ್ರೋ! ಸರ್ವೆಯವ್ನು!"

ದಾರಿ ಹುಡುಕುತ್ತಿದ್ದೇವೆ ಎಂದು ನಾನು ಕಿರುಚಿದ್ದು ಯಾರಿಗೆ ಬೇಕಿತ್ತು? ಮೊದಲ ಏಟು ಗುದ್ದಲಿ ಕಾವಿನದು, ಅವನ ಬೆನ್ನಿಗೆ. ನಾನು ಹೆಲ್ಮೆಟ್ ಬೀಸಿದೆ. ಒಬ್ಬನ ಹಲ್ಲು ಉದುರಿತು, ನನಗೆ ಖುಷಿಯೇ ಆಯಿತು. ಮರುಕ್ಷಣ ನನ್ನನ್ನು ಕೆಡವಿ ಕತ್ತಿನ ಮೇಲೆ ಮೊಣಕಾಲೂರಿದರು.

"ಎಸ್ದು ಓಡಣ್ಣಾ!" ಎಂದು ನೆಲದಿಂದಲೇ ಕೂಗಿದೆ. ಓಡಬಹುದಿತ್ತು. ಅವನು ಯಂತ್ರವನ್ನು ಮಗುವಿನ ಹಾಗೆ ಎದೆಗೆ ಅವುಚಿಕೊಂಡು ನಿಂತ. ತಾಯಿಯನ್ನು ಕರೆದೊಯ್ಯುವ ದಾರಿಯೆಲ್ಲ ಅದರೊಳಗಿತ್ತಲ್ಲ... ಕಿತ್ತುಕೊಳ್ಳಲು ಆಗದೆ ಅವನ ಬಲಗೈಯನ್ನು ಕಟ್ಟೆಗೆ ಒತ್ತಿ ಹಿಡಿದು ಕಲ್ಲು ಎತ್ತಿಹಾಕಿದರು. ಕಬ್ಬು ಮುರಿದಂಥ ಸದ್ದಾಯಿತು. ಆಮೇಲೆ ಹಾರೆ ತಂದು ಯಂತ್ರವನ್ನು ಕುಟ್ಟಿದರು.

ಬಾಯಿತುಂಬ ರಕ್ತ ತುಂಬಿಕೊಂಡೇ ಅವನು ಅರಚಿದ: "ನಿಮ್ ಹೊಲ ಹೋಗ್ಲಿ! ಗುರುತೇ ಇಲ್ದಂಗೆ ಹೋಗ್ಲಿ!"

ಯಜಮಾನನ ತಾಯಿಯಿರಬೇಕು, ಒಬ್ಬ ಮುದುಕಿ ಹೊಲಕ್ಕಿಳಿದು ಹಿಡಿ ಮಣ್ಣು ತಂದಳು. "ನಿನ್ ಬಾಯಿಗ್ ಮಣ್ಣಾಕ," ಎನ್ನುತ್ತ ನಿಜವಾಗಿಯೂ ಅವನ ಬಾಯಿಗೆ ತುರುಕಿದಳು. ಅವಳು ಅಳುತ್ತಿದ್ದಳು.

ಆ ಕೈ ಮತ್ತೆ ಆಕ್ಸಿಲರೇಟರ್ ಹಿಡಿಯಲಿಲ್ಲ. ಬುಲೆಟ್ಟನ್ನು ಮಾರಿದ. ಅವನ ತಾಯಿ ಮಗಳ ಮನೆಯನ್ನು ಮತ್ತೆ ನೋಡದೆಯೇ ಹೋದರು. ಕೆಲವು ವರ್ಷಗಳ ಮೇಲೆ ಆ ಹೊಲಗಳೂ ನಿಜಕ್ಕೂ ಹೋದವು. ಸುದ್ದಿ ಹೇಳಲು ಓಡಿದ ನನಗೆ ಒಳಗೊಳಗೇ ಹಿಗ್ಗು. ಅವನು ಊಟದ ತಟ್ಟೆ ಪಕ್ಕಕ್ಕೆ ಸರಿಸಿದ.

"ಹಂಗನ್ಬಾರ್ದಿತ್ತು ಕಣೋ. ಆ ಮಣ್ಣಿನ ರುಚಿ ಇನ್ನೂ ನಾಲಿಗೇಲೈತೆ," ಎಂದ.

ಹೋದ ವರ್ಷ ಅವನೂ ತೀರಿಕೊಂಡ. ನನಗೆ ಅವನಷ್ಟು ದೊಡ್ಡ ಮನಸ್ಸಿಲ್ಲ. ಆ ಕಲ್ಲು ಎತ್ತಿಹಾಕಿದವನು ಸಿಕ್ಕರೆ ಇವತ್ತಿಗೂ ಬಿಡುವವನಲ್ಲ.

ಪಂಕ್ಚರ್ ಹಾಕಿಸಿಕೊಂಡು ಮುಂದೆ ಹೊರಟೆ. ಫೋನಿನೊಳಗಿನ ಹೆಂಗಸು ಎಡಕ್ಕೆ ತಿರುಗಿ ಎಂದಳು. ಅದೇ ತಿರುವು. ಡೈರಿಯಿಲ್ಲ, ದ್ರಾಕ್ಷಿ ಚಪ್ಪರವಿಲ್ಲ. ಅದು ಯಾರ ಹೊಲವಾಗಿತ್ತು ಎಂಬುದು ಅವಳಿಗೆ ಗೊತ್ತಿಲ್ಲ. ಗೊತ್ತಿದ್ದ ಒಂದು ಯಂತ್ರವನ್ನು ಹೊಲದವರೇ ಕುಟ್ಟಿ ಪುಡಿಮಾಡಿದ್ದರು. ಅಷ್ಟರಲ್ಲಿ ಜಲ್ಲಿ ತುಂಬಿದ ಲಾರಿಯೊಂದು ಹಾರ್ನ್ ಬಡಿಯುತ್ತ ಬಂದು ನನ್ನನ್ನು ರಸ್ತೆಯಿಂದಾಚೆಗೆ ತಳ್ಳಿಯೇ ಹೋಯಿತು. ಅದರ ಹಿಂದೆ ಇನ್ನೊಂದು, ಮತ್ತೊಂದು... ಅಣ್ಣ ಹುಡುಕಿದ ದಾರಿ ಇದು.

ಬೈಕಿಳಿದು ಒಂದು ಕಲ್ಲೆತ್ತಿಕೊಂಡು ಬೀಸಿದೆ. ಕೊನೆಯ ಲಾರಿಯ ಹಿಂಭಾಗಕ್ಕೆ ಠಣ್ಣೆಂದು ಬಡಿಯಿತು. ಡ್ರೈವರ್ ಇಳಿದು ಬರಲಿ ಎಂದು ಮುಷ್ಟಿ ಬಿಗಿದು ಕಾದೆ. ಅವನು ನಿಲ್ಲಿಸಲೇ ಇಲ್ಲ.