ಪಿಕಪ್ಪಿನ ತುಕ್ಕೂ ಅವ್ವನ ಕುಂಕುಮವೂ

ಕಬ್ಬಿಣ ಗಟ್ಟಿಯಾದ ಲೋಹ ಎಂದು ಮಕ್ಕಳಿಗೆ ಹೇಳಿಕೊಟ್ಟು ಹೊಟ್ಟೆ ಹೊರೆಯುವವನು ನಾನು. ಯಲಹಂಕದ ಮಿಡ್ಲ್ ಸ್ಕೂಲಿನಲ್ಲಿ ಇಷ್ಟು ವರ್ಷವೂ ಈ ಮಾತಿಗೆ ಯಾರೂ ಎದುರಾಡಿರಲಿಲ್ಲ. ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ ನಮ್ಮಣ್ಣನ ಪಿಕಪ್ ಗಾಡಿಯ ಮಡ್ಗಾರ್ಡಿಗೆ ಮೊಣಕೈ ಊರಿ ನಿಂತು, ದೇಶದ ಭವಿಷ್ಯದ ಬಗ್ಗೆ ಅವನಿಗೆ ನಾಲ್ಕು ಮಾತು ಹೇಳೋಣವೆಂದು ಬಾಯಿ ತೆರೆದೆ. ಮೊಣಕೈ ಗಾಡಿಯ ಒಳಗೆ ಹೋಯಿತು.

ಆಘಾತ ಎಂಬ ಶಬ್ದವನ್ನು ನಾನು ಅಲ್ಲಿಯವರೆಗೆ ಪತ್ರಿಕೆಗಳಲ್ಲಿ ಮಾತ್ರ ಕಂಡಿದ್ದೆ. ದೊಡ್ಡವರು ತೀರಿಕೊಂಡಾಗ ಅದು ದೇಶಕ್ಕೆ ಆಗುತ್ತದೆ ಎಂದು ತಿಳಿದಿದ್ದೆ. ಒಬ್ಬ ಮೇಷ್ಟರ ಮೊಣಕೈಗೂ ಆಗಬಹುದೆಂದು ಗೊತ್ತಿರಲಿಲ್ಲ. ಕೈ ಹೊರಗೆಳೆದಾಗ ಅದರ ಹಿಂದೆಯೇ ಹಪ್ಪಳದ ಚೂರಿನಂತೆ ಬಣ್ಣದ ಚಕ್ಕೆಗಳು, ಅವುಗಳ ಹಿಂದೆ ನಶ್ಯದಂಥ ಕೆಂಪು ಪುಡಿ ಉದುರಿದವು. ಅಣ್ಣ ನನ್ನ ಕೈಗೇನಾಯಿತೆಂದು ನೋಡಲಿಲ್ಲ. ತೂತನ್ನೇ ನೋಡುತ್ತ, "ಏನ್ ಮೇಷ್ಟ್ರೇ, ಒರಗ್ಕೊಳ್ಳಾಕೆ ಊರಲ್ಲಿ ಬೇರೆ ಜಾಗ ಇರ್ಲಿಲ್ವಾ?" ಎಂದ.

ಈ ಗಾಡಿಯ ವಿಷಯ ಸ್ವಲ್ಪ ಹೇಳಬೇಕು. ನಮ್ಮೂರು ಸಿಂಗಾಪುರ. ಕಡಲಾಚೆಯದಲ್ಲ, ಯಲಹಂಕದ ಹತ್ತಿರದ, ಕಡಲಿಲ್ಲದ ಸಿಂಗಾಪುರ. ಅಲ್ಲಿ ಅಣ್ಣನಿಗೆ ದ್ರಾಕ್ಷಿ ತೋಟವಿದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಗಾಡಿಗಳಲ್ಲಿ ಒಂದನ್ನು ಅವನು ಹಿಡಿದು ತಂದ. ಅದು ಬರ್ಮಾದ ಕಾಡು ಕಂಡಿತ್ತೋ ಜಾಲಹಳ್ಳಿ ಕ್ಯಾಂಪಿನ ಬಯಲನ್ನಷ್ಟೇ ಕಂಡಿತ್ತೋ ಯಾರಿಗೂ ತಿಳಿಯದು. ಅಣ್ಣ ಮಾತ್ರ ಬರ್ಮಾ ಎಂದೇ ಹೇಳುತ್ತಾನೆ. ಮನೆಯಲ್ಲಿ ಅದಕ್ಕೆ ದನಗಳಿಗಿಂತ ಒಂದು ಕೈ ಹೆಚ್ಚಿನ, ಅಳಿಯನಿಗಿಂತ ಒಂದು ಕೈ ಕಡಿಮೆಯ ಮರ್ಯಾದೆ. ಪ್ರತಿ ವರ್ಷ ಆಯುಧಪೂಜೆಗೆ ಮುಂಚೆ ಅಣ್ಣ ಅದಕ್ಕೆ ಹೊಸ ಬಣ್ಣ ಹೊಡೆಸುತ್ತಾನೆ. ಹಳೆಯದನ್ನು ಕೆರೆಯುವಂತಿಲ್ಲ, ಹೋದ ವರ್ಷದ ಪೂಜೆಯ ಗುರುತನ್ನು ಕೆರೆದರೆ ಲಕ್ಷ್ಮಿಯನ್ನೇ ಕೆರೆದಂತೆ ಎಂಬುದು ನಮ್ಮ ಮನೆಯ ಕಾನೂನು. ಅವ್ವ ಪ್ರತಿ ಶುಕ್ರವಾರ ಮಿಂದು ಬಂದು ಗಾಡಿಗೆ ಕುಂಕುಮ ಇಡುತ್ತಾಳೆ. ಮೊದಮೊದಲು ಬಾನೆಟ್ಟಿನ ಮೇಲೆ ಒಂದೇ ಬೊಟ್ಟು ಇತ್ತು. ಬರಬರುತ್ತ ಬಾಗಿಲಿಗೆ, ಮಡ್ಗಾರ್ಡಿಗೆ, ಹಿಂದಿನ ಹಲಗೆಗೆ ಎಂದು ಹರಡಿ, ಈಚೆಗೆ ಗಾಡಿಗೆ ಅಮ್ಮ ಎದ್ದಂತೆ ಕಾಣುತ್ತಿತ್ತು. ವಯಸ್ಸಾದಂತೆ ಭಕ್ತಿ ಹೆಚ್ಚುತ್ತದೆ ಎಂದು ನಾನು ಅದಕ್ಕೊಂದು ವ್ಯಾಖ್ಯಾನ ಮಾಡಿಟ್ಟುಕೊಂಡಿದ್ದೆ.

ನನ್ನ ಮೊಣಕೈ ತೂತು ಕಂಡುಹಿಡಿದ ಹೊತ್ತು ಸರಿಯಿರಲಿಲ್ಲ. ಬ್ರೇಕ್ ಇನ್ಸ್‌ಪೆಕ್ಟರು ಗಾಡಿಯನ್ನು ಪರೀಕ್ಷಿಸಿ, ರಸ್ತೆಗಿಳಿಯಲು ಯೋಗ್ಯವೆಂದು ಎಫ್.ಸಿ. ಕೊಡುವ ದಿನ ಮುಂದಿನ ವಾರವೇ ಇತ್ತು. ತೋಟದಲ್ಲಿ ಹಣ್ಣಿಗೆ ಬಣ್ಣ ಏರುತ್ತಿತ್ತು. ರಾಗಿಯಾದರೆ ಕಣಜದಲ್ಲಿ ಕೂತು ಕಾಯುತ್ತದೆ. ದ್ರಾಕ್ಷಿಗೆ ಕಾಯುವ ಅಭ್ಯಾಸವಿಲ್ಲ. ಎತ್ತಿನ ಗಾಡಿಗೆ ಹೇರಿದರೆ ಸಿಟಿ ಮಾರ್ಕೆಟ್ಟು ಸೇರುವ ಹೊತ್ತಿಗೆ ಅರ್ಧ ಹಣ್ಣು, ಅರ್ಧ ಪಾನಕ. ಎಫ್.ಸಿ. ಸಿಗದಿದ್ದರೆ ಅಣ್ಣನ ಒಂದು ವರ್ಷದ ಬೆಳೆ ಬಳ್ಳಿಯಲ್ಲೇ ಒಣಗಬೇಕು.

ಗಾಡಿಯನ್ನು ಹೆಬ್ಬಾಳದ ಕೆರೆ ಏರಿಯ ಹತ್ತಿರ ಶೆಡ್ಡು ಹಾಕಿಕೊಂಡಿರುವ ಕರೀಂ ಸಾಬರಲ್ಲಿಗೆ ಒಯ್ದೆವು. ತಗಡಿನ ಕೆಲಸದಲ್ಲಿ ತಮ್ಮನ್ನು ಬಿಟ್ಟರೆ ಇಲ್ಲ ಎಂದು ಅವರೇ ಹೇಳಿಕೊಳ್ಳುತ್ತಾರೆ. ಎರಡು ದಿನದ ಕೆಲಸ ಎಂದು ಅಭಯ ಕೊಟ್ಟು, ಸ್ಕ್ರೂಡ್ರೈವರಿನಿಂದ ಬಾಗಿಲನ್ನು ಹಾಗೇ ಸುಮ್ಮನೆ ಒತ್ತಿದರು. ಅದು ಹಿಡಿಯವರೆಗೂ ಇಳಿಯಿತು. ಸಾಬರು ಅದನ್ನು ನಿಧಾನವಾಗಿ ಹೊರತೆಗೆದು ಒರೆಸಿ, ಚಹಾ ತರಿಸಿ ಕುಡಿದರು. ಆಮೇಲೆ, "ಗೌಡ್ರೆ, ಇದ್ರಲ್ಲಿ ಗಾಡಿ ಎಲ್ಲೈತೆ? ಬರೀ ಬಣ್ಣ ನಿಂತೈತೆ," ಎಂದರು.

ನಿಜ. ಕೆರೆಯುತ್ತ ಹೋದಂತೆ ಹಳದಿಯ ಕೆಳಗೆ ನೀಲಿ, ನೀಲಿಯ ಕೆಳಗೆ ಬೂದಿ, ಬೂದಿಯ ಕೆಳಗೆ ಮಿಲಿಟರಿಯ ಹಸಿರು, ಹಸಿರಿನ ಕೆಳಗೆ ಹೆಬ್ಬಾಳ. ಶೆಡ್ಡಿನ ಆಚೆ ಎಮ್ಮೆಗಳು ಮೇಯುವುದು ಬಾಗಿಲಿನ ಮೂಲಕ ಸ್ಪಷ್ಟವಾಗಿ ಕಾಣುತ್ತಿತ್ತು. ಇಷ್ಟು ದಿನ ನಾವು ಮಾರ್ಕೆಟ್ಟಿಗೆ ಹೋಗಿ ಬಂದದ್ದು ಆಯುಧಪೂಜೆಗಳ ಮೇಲೆ ಕೂತು.

ಇಂಥ ಗಳಿಗೆಯಲ್ಲಿ ವಿದ್ಯಾವಂತನಾದವನು ಸುಮ್ಮನಿರಬಾರದು. ನಾನು ತುಕ್ಕಿನ ತತ್ವ ಹೇಳಿದೆ. ಕಬ್ಬಿಣ ಮೂಲದಲ್ಲಿ ಕೆಂಪು ಮಣ್ಣು. ಮನುಷ್ಯ ಅದನ್ನು ಹಿಡಿದು ಕುಲುಮೆಗೆ ಹಾಕಿ ಬಲವಂತವಾಗಿ ನೌಕರಿಗೆ ಸೇರಿಸಿದ. ಅಂದಿನಿಂದಲೂ ಅದು ಊರಿಗೆ ಹೋಗಲು ರಜೆ ಕೇಳುತ್ತಲೇ ಇದೆ. ಮಂಜೂರಾದ ರಜೆಯೇ ತುಕ್ಕು. ಸಾಬರು ಇದನ್ನು ಕೇಳಿ ಇನ್ನೊಂದು ಚಹಾ ತರಿಸಿದರು. ಅಣ್ಣ ಕೇಳಲೇ ಇಲ್ಲ. ಅವನು ಒಂದೊಂದೇ ತೂತಿನ ಮುಂದೆ ಕೂತು ಏಳುತ್ತಿದ್ದ. ಕೊನೆಗೆ ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿ, "ಇವೆಲ್ಲ ಅವ್ವ ಕುಂಕುಮ ಮಡಗೋ ಜಾಗ ಅಲ್ವೇನ್ಲಾ?" ಎಂದ.

ನೋಡಿದೆ. ಒಂದೂ ತಪ್ಪಿರಲಿಲ್ಲ. ಬೊಟ್ಟು ಇದ್ದಲ್ಲೆಲ್ಲ ತೂತು. ಅಣ್ಣನ ಮುಖ ಕಂಡು ನನಗೆ ಕನಿಕರ, ವಿಷಯ ಕಂಡು ಒಳಗೊಳಗೇ ವಿಜ್ಞಾನಿಯ ಆನಂದ. ಕುಂಕುಮಕ್ಕೆ ನಿಂಬೆರಸ ಬೀಳುತ್ತದೆ, ನಿಂಬೆ ಹುಳಿ, ಹುಳಿ ಕಬ್ಬಿಣವನ್ನು ತಿನ್ನುತ್ತದೆ. ವಾರವಾರವೂ ಒದ್ದೆ ಕುಂಕುಮ, ಅದರ ಮೇಲೆ ಒದ್ದೆ ಹೂವು. ನಮ್ಮ ಗಾಡಿಯನ್ನು ಭಕ್ತಿಯೇ ತಿಂದಿತ್ತು. ಹೊಸ ತಗಡು ಹಾಕಿಸಿದರೂ ಅವ್ವ ಮತ್ತೆ ಇಟ್ಟರೆ ಅದೇ ಕಥೆ. ಯಾರಾದರೂ ಅವಳಿಗೆ ಹೇಳಲೇಬೇಕು. ನನಗೆ ಬಾಯಿ ಇದೆಯೆಂದು ಅಣ್ಣ ನನ್ನನ್ನೇ ಕಳಿಸಿದ.

ಅವ್ವ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ನಾನು ಲೋಹಗಳಿಂದ ಹಿಡಿದು, ಆಮ್ಲಗಳ ಮೇಲೆ ಹಾದು, ಯಾರ ಮನಸ್ಸೂ ನೋಯದಂತೆ ಸುತ್ತಿ ಬಳಸಿ ಕುಂಕುಮದ ಹತ್ತಿರ ಬಂದೆ. ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಕುಂಕುಮದಿಂದ ತುಕ್ಕು ಬರ್ಲಿಲ್ಲ ಕಣಪ್ಪ," ಎಂದಳು. "ತುಕ್ಕು ಕಂಡ ಕಡೇಲೆಲ್ಲ ನಾನು ಕುಂಕುಮ ಮಡಗ್ದೆ. ಎಲ್ಡೂ ಒಂದೇ ಬಣ್ಣ ಅಲ್ವಾ. ನಿಮ್ಮಣ್ಣ ಕಂಡ್ರೆ ಅನ್ನ ಬಿಡ್ತಾನೆ ಅಂತ."

ಮೊಣಕೈ ಒಳಗೆ ಹೋದಾಗ ಆದದ್ದು ಆಘಾತವೇ ಅಲ್ಲ ಎಂದು ಆಗ ತಿಳಿಯಿತು. ನನ್ನ ಆಮ್ಲಗಳನ್ನೆಲ್ಲ ಕಟ್ಟಿಕೊಂಡು ಹೆಬ್ಬಾಳಕ್ಕೆ ವಾಪಸು ಹೋಗಿ ಅಣ್ಣನಿಗೆ ಹೇಳಿದೆ. ಅವನು ಒಂದು ಹಳೆಯ ಟೈರಿನ ಮೇಲೆ ಕೂತುಬಿಟ್ಟ. ನೆಲ ನೋಡಿಕೊಂಡು, "ನಾನು ವರ್ಷಾವರ್ಷ ಬಣ್ಣ ಹೊಡೆಸ್ತಿದ್ದಿದ್ದೇ ಅವ್ವಂಗೆ ತುಕ್ಕು ಕಾಣ್ದಿರ್ಲಿ ಅಂತ ಕಣ್ಲಾ," ಎಂದ.

ತುಕ್ಕಿಗೆ ಗಾಳಿಯೂ ನೀರೂ ಬೇಕೆಂದು ನಾನು ಪಾಠ ಮಾಡುತ್ತೇನೆ. ಒಂದೇ ಸೂರಿನ ಕೆಳಗೆ ಒಬ್ಬರಿಗೊಬ್ಬರು ನೋವಾಗದಿರಲೆಂದು ಮುಚ್ಚುವ ಜನ ಇಬ್ಬರಿದ್ದರೆ ಅದು ಇನ್ನೂ ಹುಲುಸಾಗಿ ಬೆಳೆಯುತ್ತದೆ ಎಂದು ಯಾವ ಪಠ್ಯದಲ್ಲೂ ಬರೆದಿಲ್ಲ. ನಮ್ಮ ಗಾಡಿಯಲ್ಲಿ ತುಕ್ಕು ಅಷ್ಟು ಸುಖವಾಗಿ ಬಾಳಿದ್ದು ಮನೆಯ ಅಕ್ಕರೆಯಿಂದ.

ಮಾರನೆಯ ದಿನ ಅವ್ವನನ್ನೇ ಶೆಡ್ಡಿಗೆ ಕರೆತಂದೆವು. ದ್ರಾಕ್ಷಿಯ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಕೂತು, ಕೈಯೆತ್ತಿ ಒಂದೊಂದೇ ಜಾಗ ತೋರಿಸಿದಳು. ಸಾಬರು ಗಟ್ಟಿಯೆಂದು ಬಿಟ್ಟಿದ್ದ ಕಡೆಯೂ ತೋರಿಸಿ, "ಹೋದ್ ಸಂಕ್ರಾಂತೀಲಿ ಸಾಸ್ವೆ ಕಾಳಷ್ಟಿತ್ತು, ಈಗ ನೋಡಪ್ಪ," ಎಂದಳು. ಕೆರೆದರೆ ಅಂಗೈಯಗಲ ಇರುತ್ತಿತ್ತು. ಸಾಬರು ಬಡಿವಾರ ಬಿಟ್ಟು, ಕೊಳೆತದ್ದನ್ನು ಕತ್ತರಿಸಿ ತೆಗೆದು, ಹೊಸ ತಗಡು ಬೆಸೆದು, ಉಜ್ಜಿ, ಕೆಂಪು ಪ್ರೈಮರ್ ಹೊಡೆದರು. ಎರಡು ದಿನದ ಕೆಲಸ ಆ ವಾರವನ್ನೆಲ್ಲ ತಿಂದಿತು. ಕೊನೆಯ ಬಣ್ಣ ಪೂರ್ತಿ ಆರುವ ಮುಂಚೆಯೇ ಗಾಡಿ ಪರೀಕ್ಷೆಗೆ ಹೊರಟಿತು.

ಇನ್ಸ್‌ಪೆಕ್ಟರು ಯಶವಂತಪುರದ ಬಯಲಿನಲ್ಲಿ ಪುಟ್ಟ ಸುತ್ತಿಗೆ ಹಿಡಿದು ನಿಂತಿದ್ದರು. ಬಾಗಿಲಿಗೆ ಒಂದು ಪೆಟ್ಟು ಹಾಕಿದರು. ಅಣ್ಣ ಕಣ್ಣು ಮುಚ್ಚಿದ. ಮಡ್ಗಾರ್ಡಿಗೆ ಹಾಕಿದರು, ನಾನು ಮೊಣಕೈ ಹಿಡಿದುಕೊಂಡೆ. ಗಾಡಿ ಠಣ್ ಎಂದಿತು. ಅದು ಹಾಗೆ ದನಿ ಮಾಡಬಲ್ಲದೆಂದು ನಮಗೆ ಮರೆತೇ ಹೋಗಿತ್ತು. ಅವರು ಸುತ್ತಲೂ ಬಡಿದು ನೋಡಿ, ಬೆರಳಿಗೆ ಅಂಟಿದ ಹಸಿ ಬಣ್ಣವನ್ನು ಕರವಸ್ತ್ರದಿಂದ ಒರೆಸಿಕೊಂಡು, ಎಫ್.ಸಿ. ಕೊಟ್ಟರು. ದ್ರಾಕ್ಷಿ ಹಣ್ಣಾಗಿಯೇ ಮಾರ್ಕೆಟ್ಟು ಸೇರಿತು.

ಮುಂದಿನ ಶುಕ್ರವಾರ ಅವ್ವ ತಟ್ಟೆ ಹಿಡಿದು ಗಾಡಿಯ ಮುಂದೆ ಬಂದಳು. ಉಂಗುರದ ಬೆರಳಿಗೆ ಕುಂಕುಮ ಹಚ್ಚಿಕೊಂಡು ಒಂದು ಸುತ್ತು ಬಂದಳು. ಬಗ್ಗಿ ನೋಡಿದಳು, ಎದ್ದು ನೋಡಿದಳು. ಎಲ್ಲೂ ಜಾಗ ಸಿಗಲಿಲ್ಲ. ನಾನು ಅವಳ ಜೊತೆಯಲ್ಲೇ ಸುತ್ತುತ್ತ, ಇನ್ನು ಮುಂದೆ ತಗಡಿನ ಆರೈಕೆ ಹೇಗಿರಬೇಕು, ಗಾಳಿಯ ತೇವಾಂಶ ಎಂದರೇನು ಎಂದು ವಿವರಿಸುತ್ತಿದ್ದೆ. ಅವಳು ತೇವಾಂಶದವರೆಗೂ ಕೇಳಿ, ತಿರುಗಿ, ಬೆರಳಲ್ಲಿದ್ದುದನ್ನೆಲ್ಲ ನನ್ನ ಹಣೆಗೆ ದೊಡ್ಡದಾಗಿ ಒತ್ತಿದಳು.

"ಇಲ್ಲೊಂಚೂರು ತುಕ್ಕು ಉಳ್ಕೊಂಡೈತೆ ನೋಡಪ್ಪ," ಎಂದು ಅಣ್ಣನನ್ನು ಕರೆದು ತೋರಿಸಿದಳು. ಈ ಸಲ ಯಾರಿಂದಲೂ ಏನನ್ನೂ ಮುಚ್ಚಿಡುವ ಉದ್ದೇಶ ಅವಳಿಗೆ ಇದ್ದಂತಿರಲಿಲ್ಲ.