ಕೊಡ ಇಳಿಸುವ ಕಲ್ಲು

ಮಧುಗಿರಿ ತಾಲ್ಲೂಕು ಕಚೇರಿಯಲ್ಲಿ ನನ್ನ ಪಕ್ಕದ ಮೇಜು ಇಂಗ್ಲಿಷ್ ಗುಮಾಸ್ತರದು. ಕೆರೆ, ಛತ್ರ, ಬಾವಿ, ಯಾವುದರ ದುರಸ್ತಿ ಮುಗಿದರೂ ಮೇಲಿನವರಿಗೆ ಇಂಗ್ಲಿಷಿನಲ್ಲಿ ವರದಿ ಬರೆಯುವವರು ಅವರೇ. ರಿಪೇರ್, ರೆನೊವೇಟ್, ರಿಸ್ಟೋರ್, ಇವುಗಳಲ್ಲಿ ಯಾವ ಪದ ಹಾಕಬೇಕೆಂದು ನಾವು ನಿಘಂಟು ತೆಗೆದರೆ, ಅವರು ಕೊಡೆ ತೆಗೆಯುತ್ತಿದ್ದರು. "ಮೊದ್ಲು ನೋಡ್ಕೊಂಡು ಬರೋಣ ಬನ್ನಿ."

ಸಿದ್ದರಬೆಟ್ಟದ ದಾರಿಯ ಮೆಟ್ಟಿಲುಬಾವಿಗೆ 'ರಿಸ್ಟೋರ್' ಎಂದು ಬರೆಯಲು ಅಮಲ್ದಾರರೇ ಹೇಳಿದ್ದರು. ಹೋಗಿ ನೋಡಿದೆವು. ಗಾರೆ ಹೊಸದು, ಮೆಟ್ಟಿಲು ನೇರ. ನೀರು ಹೊರುತ್ತಿದ್ದ ಮುದುಕಿಯನ್ನು ಗುಮಾಸ್ತರು ಕೇಳಿದರು, "ಮೊದ್ಲಿನಂಗೇ ಆಗೈತೇನಮ್ಮ?"

"ಚೆಂದಾಗೈತೆ ಸ್ವಾಮಿ. ಆದ್ರೆ ನಡುಮಧ್ಯೆ ಕೊಡ ಇಳ್ಸೋ ಕಲ್ಲಿತ್ತು, ಕಿತ್ತಾಕ್ಬುಟ್ರು. ಈಗ ಒಂದೇ ಉಸ್ರಿಗೆ ಹತ್ಬೇಕು."

ಗುಮಾಸ್ತರು ವರದಿಯಲ್ಲಿ 'ರಿಪೇರ್' ಎಂದಷ್ಟೇ ಬರೆದರು. ಅಮಲ್ದಾರರು ಕಾಗದ ಎಸೆದು, "ಒಂದು ಪದಕ್ಕೆ ಇಷ್ಟು ಹಟವೇನ್ರೀ? ಪಾವಗಡಕ್ಕೆ ವರ್ಗ ಮಾಡಿಸ್ಲಾ?" ಎಂದರು.

"ಇದ್ದದ್ದನ್ನ ವಾಪಸ್ ಕೊಟ್ರೆ ರಿಸ್ಟೋರ್, ಸ್ವಾಮಿ. ಆ ಕಲ್ಲು ಇನ್ನೂ ಕೊಟ್ಟಿಲ್ಲ," ಎಂದು ಇವರು ಕಾಗದವನ್ನು ಹೆಕ್ಕಿ ಮತ್ತೆ ಮೇಜಿನ ಮೇಲಿಟ್ಟರು.

ತಿಂಗಳಾದ ಮೇಲೆ ಕಲ್ಲು ಕೂರಿಸಿದ ಸುದ್ದಿ ಬಂತು. ಮತ್ತೆ ಹೋದೆವು. ಗುಮಾಸ್ತರು ಪಂಚೆ ಎತ್ತಿ ಕಟ್ಟಿ, ತುಂಬಿದ ಕೊಡವನ್ನು ಹೆಗಲಿಗೇರಿಸಿ ಮೆಟ್ಟಿಲು ಹತ್ತಿದರು. ನಡುವೆ ಆ ಕಲ್ಲಿನ ಮೇಲೆ ಕೊಡ ಇಳಿಸಿ, ಏದುಸಿರು ತಗ್ಗುವವರೆಗೆ ನಿಂತರು. ಆಮೇಲೆ ನನ್ನತ್ತ ಕೈ ಚಾಚಿದರು.

"ಈಗ ಕೊಡಿ ಪೆನ್ನು."